ಓಎಂಪಿ ಎರರ್ 15: ನಿಮ್ಮ ಕೋಡ್ ತಪ್ಪಲ್ಲ

ನಮಸ್ಕಾರ. ಗಂಗಾವತಿಯ ಮಿಲ್‌ಗೆ ಅಂತ ಅಕ್ಕಿಯ ಫೋಟೊ ನೋಡಿ ನುಚ್ಚು ಎಣಿಸುವ ಪೈಥಾನ್ ಪ್ರೋಗ್ರಾಂ ಬರೆದಿದ್ದೀರಿ. ಪೈಟಾರ್ಚ್ ಎಂಬ ಮಷೀನ್ ಲರ್ನಿಂಗ್ ಲೈಬ್ರರಿ ಸೇರಿಸಿದ ಮೇಲೆ ವಿಂಡೋಸ್‌ನಲ್ಲಿ 'ಓಎಂಪಿ ಎರರ್ 15' ತೋರಿಸಿ ಮುಚ್ಚಿಕೊಳ್ಳುತ್ತಿದೆ, ಅಲ್ವಾ? ರ‍್ಯಾಮ್ ಜಾಸ್ತಿ ಹಾಕಿಸಬೇಡಿ, ಸುಮ್ನೆ ದುಡ್ಡು ದಂಡ.

ಲೆಕ್ಕವನ್ನು ಹಲವು ಥ್ರೆಡ್‌ಗಳಿಗೆ (ಒಟ್ಟೊಟ್ಟಿಗೆ ನಡೆಯುವ ಕೆಲಸದ ಎಳೆಗಳಿಗೆ) ಹಂಚುವ ಇಂಟೆಲ್ ಓಪನ್‌ಎಂಪಿ ಲೈಬ್ರರಿಯ ಎರಡು ಪ್ರತಿಗಳು ಒಂದೇ ಪ್ರೋಗ್ರಾಂ ಒಳಗೆ ಬಂದಿವೆ. ಕೊಂಡಾ, ಪಿಪ್ ಎರಡೂ ಪೈಥಾನ್ ಲೈಬ್ರರಿಗಳನ್ನು ಇನ್‌ಸ್ಟಾಲ್ ಮಾಡುವ ಸಾಧನಗಳು. ನೀವು ಕೊಂಡಾದಿಂದ ಹಾಕಿದ ನಮ್‌ಪೈ (ಅಂಕಿಗಳ ಲೆಕ್ಕದ ಲೈಬ್ರರಿ) ಜೊತೆ ಒಂದು ಬಂದಿದೆ, ಪಿಪ್‌ನಿಂದ ಹಾಕಿದ ಪೈಟಾರ್ಚ್ ಇನ್ನೊಂದನ್ನು ತಂದಿದೆ. ಎರಡನೆಯದು ಶುರುವಾಗುವಾಗ ಮೊದಲನೆಯದನ್ನು ಕಂಡು ಪ್ರೋಗ್ರಾಂ ನಿಲ್ಲಿಸಿಬಿಡುತ್ತದೆ. ಈ ಲೈಬ್ರರಿಗಳೆಲ್ಲ ಇರುವ ಎನ್ವಿರಾನ್‌ಮೆಂಟ್ ಫೋಲ್ಡರ್‌ನಲ್ಲಿ 'ಲಿಬ್‌ಐಓಎಂಪಿ5ಎಂಡಿ' ಎಂಬ ಡಿಎಲ್‌ಎಲ್ (ವಿಂಡೋಸ್‌ನ ಲೈಬ್ರರಿ ಫೈಲ್) ಹುಡುಕಿ, ಅದೇ ಇಂಟೆಲ್ ಓಪನ್‌ಎಂಪಿ. ಸಾಮಾನ್ಯವಾಗಿ ಒಂದು 'ಲೈಬ್ರರಿ' ಎಂಬ ಫೋಲ್ಡರ್‌ನ 'ಬಿನ್' ಒಳಗೆ, ಇನ್ನೊಂದು 'ಟಾರ್ಚ್'ನ 'ಲಿಬ್' ಒಳಗೆ ಸಿಗುತ್ತದೆ.

ಎರಡು ಪ್ರತಿ ಇದ್ದರೂ ಮುಂದುವರಿ ಎನ್ನುವ 'ಕೆಎಂಪಿ ಡೂಪ್ಲಿಕೇಟ್ ಲಿಬ್ ಓಕೆ' ಸೆಟ್ಟಿಂಗ್ ಅನ್ನು ಟ್ರೂ ಮಾಡಿ ಅಂತ ಬಹಳ ಜನ ಹೇಳುತ್ತಾರೆ. ಎರರ್ ಹೋಗಬಹುದು, ಆದರೆ ಸದ್ದಿಲ್ಲದೆ ತಪ್ಪು ಉತ್ತರ ಬರಬಹುದು ಅಂತ ಆ ಎರರ್ ಸಂದೇಶದಲ್ಲೇ ಬರೆದಿದೆ, ಪೂರ್ತಿ ಓದಿ. ಸೋನಾ ಮಸೂರಿ ಲಾಟಿನ ರೇಟು ನುಚ್ಚಿನ ಮೇಲೆ ನಿಲ್ಲುವಾಗ ಇದು ಬೇಡವೇ ಬೇಡ. ಡಿಎಲ್‌ಎಲ್ ಅಳಿಸುವುದೂ ಬೇಡ. ಮುಂದಿನ ಅಪ್‌ಡೇಟ್‌ಗೆ ಮತ್ತೆ ಬರುತ್ತದೆ.

ಹಳೆಯದನ್ನು ರಿಪೇರಿ ಮಾಡುತ್ತಾ ಕೂರಬೇಡಿ. ಕೊಂಡಾ ಬಿಟ್ಟು ಹೊಸ ವೆನ್ವ್ (ಪೈಥಾನ್‌ನದೇ ಪ್ರತ್ಯೇಕ ಎನ್ವಿರಾನ್‌ಮೆಂಟ್) ಮಾಡಿ, ನಮ್‌ಪೈ, ಫೋಟೊ ಕೆಲಸದ ಓಪನ್‌ಸಿವಿ, ಪೈಟಾರ್ಚ್ ಎಲ್ಲವನ್ನೂ ಪಿಪ್‌ನಿಂದಲೇ ಹಾಕಿ. ಪಿಪ್‌ನ ನಮ್‌ಪೈ ಲೆಕ್ಕಕ್ಕೆ ಓಪನ್‌ಬ್ಲಾಸ್ ಎಂಬ ಬೇರೆ ಲೈಬ್ರರಿ ಬಳಸುತ್ತದೆ, ಇಂಟೆಲ್ ಓಪನ್‌ಎಂಪಿಯನ್ನು ತರುವುದಿಲ್ಲ. ಅಲ್ಲೂ ನಿಂತುಹೋದರೆ ಆ ಡಿಎಲ್‌ಎಲ್ ಎಲ್ಲೆಲ್ಲಿದೆ ಅಂತ ಪಾತ್ (ಫೋಲ್ಡರ್ ವಿಳಾಸ) ಸಮೇತ ಇಲ್ಲಿ ಬರೆಯಿರಿ, ನೋಡೋಣ.