ಕೋಡಿಯಲ್ಲಿ ನೆಟ್‌ವರ್ಕ್ ಫೋಲ್ಡರ್ ಸೇರಿಸುವ ಬಗ್ಗೆ

ನಮಸ್ಕಾರ. ಟಿವಿ ಪೆಟ್ಟಿಗೆಗೆ ಜೋಡಿಸಿದ ಹಾರ್ಡ್‌ಡಿಸ್ಕಿನ ಚಲನಚಿತ್ರಗಳು ಕೋಡಿ (Kodi) ಎಂಬ ವಿಡಿಯೋ ನೋಡುವ ತಂತ್ರಾಂಶದಲ್ಲಿ ಸರಿಯಾಗಿ ಬರುತ್ತಿವೆ, ಆದರೆ ಒಳಕೋಣೆಯ ವಿಂಡೋಸ್ 10 ಕಂಪ್ಯೂಟರಿನಲ್ಲಿ ಶೇರ್ ಮಾಡಿರುವ ಫೋಲ್ಡರ್ ಮಾತ್ರ 'ವಿಂಡೋಸ್ ನೆಟ್‌ವರ್ಕ್' ಪಟ್ಟಿಯಲ್ಲಿ ಕಾಣಿಸುತ್ತಿಲ್ಲ ಎಂದು ಬರೆದಿದ್ದೀರಿ. ಆ ಪಟ್ಟಿ, ಕಂಪ್ಯೂಟರುಗಳ ನಡುವೆ ಫೈಲು ಹಂಚಿಕೊಳ್ಳುವ ಹಳೆಯ ಎಸ್‌ಎಂಬಿ 1 (SMB 1) ವಿಧಾನವನ್ನು ನೆಚ್ಚಿಕೊಂಡಿದೆ. ಸುರಕ್ಷತೆಯ ಕಾರಣಕ್ಕೆ ಮೈಕ್ರೋಸಾಫ್ಟ್ 2017ರ ಕೊನೆಯಿಂದ ಹೊಸದಾಗಿ ಹಾಕುವ ವಿಂಡೋಸ್ 10ರಲ್ಲಿ ಅದನ್ನು ಕೈಬಿಟ್ಟಿದೆ. ಅದನ್ನೇ ಮತ್ತೆ ಚಾಲೂ ಮಾಡಿ ಎಂಬ ಸಲಹೆ ಅಲ್ಲಲ್ಲಿ ಸಿಗುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ.

ಬದಲಿಗೆ ಕೋಡಿಯಲ್ಲಿ ವಿಡಿಯೋಸ್, ಫೈಲ್ಸ್, ಆಡ್ ವಿಡಿಯೋಸ್, ಬ್ರೌಸ್ ಎಂದು ಮುಂದುವರಿದು, 'ಆಡ್ ನೆಟ್‌ವರ್ಕ್ ಲೊಕೇಶನ್' ಒತ್ತಿ, ಸರ್ವರ್ ಹೆಸರಿನ ಜಾಗದಲ್ಲಿ 192.168.1.5 ಎಂಬಂತಿರುವ ಆ ಕಂಪ್ಯೂಟರಿನ ಐಪಿ ವಿಳಾಸವನ್ನೂ (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ), ಕೆಳಗೆ ಅದರ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡನ್ನೂ ಕೊಡಿ. ಹಲವರು ಎಡವುವುದು ಇಲ್ಲಿಯೇ: ಪ್ರತಿದಿನ ಕಂಪ್ಯೂಟರ್ ತೆರೆಯಲು ಒತ್ತುವ ಪಿನ್ ನೆಟ್‌ವರ್ಕಿನಲ್ಲಿ ನಡೆಯುವುದಿಲ್ಲ, ಖಾತೆಯ ನಿಜವಾದ ಪಾಸ್‌ವರ್ಡೇ ಬೇಕು. ಐಪಿ ಬದಲಾದರೆ ಕೋಡಿಗೆ ಫೋಲ್ಡರ್ ಸಿಗುವುದಿಲ್ಲವಾದ್ದರಿಂದ ರೂಟರಿನಲ್ಲಿ ಆ ವಿಳಾಸವನ್ನು ಆ ಕಂಪ್ಯೂಟರಿಗೇ ಕಾಯ್ದಿರಿಸಿ.

ಫೋಲ್ಡರ್ ಸೇರಿದ ಮೇಲೆ ಬರುವ 'ಸೆಟ್ ಕಂಟೆಂಟ್'ನಲ್ಲಿ ಮೂವೀಸ್ ಆರಿಸದಿದ್ದರೆ ಫೈಲುಗಳು ಓಡುತ್ತವೆಯೇ ಹೊರತು ಪೋಸ್ಟರ್, ವಿವರ ಬರುವುದಿಲ್ಲ. ಮಕ್ಕಳ ಹುಟ್ಟುಹಬ್ಬದಂಥ ಮನೆಯ ವಿಡಿಯೋಗಳನ್ನು ಬೇರೆ ಫೋಲ್ಡರಿನಲ್ಲಿಟ್ಟು ಅದಕ್ಕೆ 'ನನ್' (None, ಅಂದರೆ ಯಾವುದೂ ಅಲ್ಲ) ಎಂದೇ ಬಿಡಿ, ಇಲ್ಲದಿದ್ದರೆ ಯಾವುದೋ ಸಿನಿಮಾದ ಹೆಸರು ಅವಕ್ಕೆ ಅಂಟಿಕೊಳ್ಳಬಹುದು.