ಓದುಗರ ಪ್ರಶ್ನೆ: ಲಾಗಿನ್ ಚೆಕ್ ಮಾಡಿದರೆ ಸೈಟ್ ನಿಧಾನ ಆಗುತ್ತಾ?

ಪ್ರಶ್ನೆ: ಸರ್, ನಾನು ಕೋಲಾರದಲ್ಲಿ ಒಂದು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಸೈಟ್ ಬರೆಯುವ ಭಾಷೆ ಪಿಎಚ್‌ಪಿ ಅಲ್ಪಸ್ವಲ್ಪ ಬರುತ್ತೆ. ರೈತರು ತಮ್ಮ ಬಾಕ್ಸ್ ಎಷ್ಟಕ್ಕೆ ಹೋಯಿತು, ಎಷ್ಟು ದುಡ್ಡು ಬರಬೇಕು ಅಂತ ಮೊಬೈಲಲ್ಲೇ ನೋಡಿಕೊಳ್ಳಲಿ ಎಂದು ನಾನೇ ಒಂದು ಸೈಟ್ ಮಾಡಿದ್ದೇನೆ. ಸುಮಾರು 40 ಪೇಜ್ ಇದೆ. ಎಲ್ಲದರ ತಲೆಯಲ್ಲೂ ಸೆಷನ್ (ಲಾಗಿನ್ ಆದವರ ವಿವರವನ್ನು ಸರ್ವರಲ್ಲಿ ಇಟ್ಟುಕೊಳ್ಳುವ ವ್ಯವಸ್ಥೆ) ಶುರು ಮಾಡಿ, ಲಾಗಿನ್ ಆಗಿದ್ದಾರಾ, ಬಂದವರು ರೈತರಾ ಗುಮಾಸ್ತರಾ ಎಂದು ನೋಡುವ ನಾಲ್ಕು ಸಾಲು ಹಾಕಿದ್ದೇನೆ. ಗುಮಾಸ್ತರ ಪೇಜಿನಲ್ಲಿ ಆರು ಚಿಕ್ಕ ಡಬ್ಬಿಗಳಿವೆ, ದರ, ಬಂದ ಬಾಕ್ಸ್, ಬಾಕಿ ಹೀಗೆ. ಪ್ರತಿಯೊಂದೂ 10 ಸೆಕೆಂಡಿಗೊಮ್ಮೆ ತಾನೇ ಹೊಸದಾಗುತ್ತದೆ. ಬೆಳಿಗ್ಗೆ ಹರಾಜಿನ ಹೊತ್ತಿಗೆ ಸೈಟ್ ಪೂರ್ತಿ ನಿಂತೇ ಹೋಗುತ್ತದೆ. ಗೆಳೆಯನೊಬ್ಬ 'ಪ್ರತಿ ಪೇಜಲ್ಲೂ ಚೆಕ್ ಮಾಡಿದ್ರೆ ಸರ್ವರ್ ಸುಸ್ತಾಗದೆ ಇನ್ನೇನಾಗುತ್ತೆ, ಮೊದಲ ಪೇಜಲ್ಲಿ ಮಾತ್ರ ಇಟ್ಕೋ' ಅನ್ನುತ್ತಾನೆ. ಇನ್ನೊಬ್ಬ, ಸೆಷನ್ ಮಾಹಿತಿಯನ್ನು ಫೈಲಿನ ಬದಲು ಮೆಮೊರಿಯಲ್ಲಿ ಇಡುವ ರೆಡಿಸ್ ಎಂಬ ಸಾಫ್ಟ್‌ವೇರ್ ಹಾಕು ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಮೊದಲನೆಯವರ ಮಾತನ್ನಂತೂ ಕೇಳಬೇಡಿ. ಚೆಕ್ಕನ್ನು ಮೊದಲ ಪೇಜಲ್ಲಿ ಮಾತ್ರ ಇಟ್ಟರೆ, ಬಾಕಿ ಹಣದ ಪೇಜಿನ ಲಿಂಕನ್ನು ಯಾರೋ ವಾಟ್ಸ್‌ಆ್ಯಪಲ್ಲಿ ಹಾಕಿದರೆ ಸಾಕು, ಅದನ್ನು ಒತ್ತಿದವರಿಗೆಲ್ಲ ಯಾವ ರೈತರಿಗೆ ಎಷ್ಟು ಕೊಡಬೇಕು ಅಂತ ಕಾಣುತ್ತದೆ. ಬ್ರೌಸರ್ ಪ್ರತಿ ಸಲ ಹೊಸದಾಗಿ ಬಾಗಿಲು ತಟ್ಟುತ್ತದೆ, ಹಿಂದಿನ ಪೇಜಲ್ಲಿ ಒಳಗೆ ಬಿಟ್ಟಿದ್ದು ಸರ್ವರಿಗೆ ತಾನಾಗಿ ನೆನಪಿರುವುದಿಲ್ಲ. ಹಾಗಾಗಿ 40 ಪೇಜಿಗೂ ಚೆಕ್ ಬೇಕೇ ಬೇಕು.

ಇನ್ನು ಆ ಚೆಕ್ಕಿಗೆ ಎಷ್ಟು ಹೊತ್ತು ಹಿಡಿಯುತ್ತೆ? ಕುಕ್ಕಿಯಲ್ಲಿರುವ (ಬ್ರೌಸರ್ ಇಟ್ಟುಕೊಂಡಿರುವ ಗುರುತಿನ ಚೀಟಿ) ನಂಬರ್ ನೋಡಿ, ಆ ಹೆಸರಿನ ಒಂದು ಪುಟ್ಟ ಸೆಷನ್ ಫೈಲ್ ತೆರೆದು ಓದಿ, 'ರೈತ' ಅಂತಿದೆಯಾ 'ಗುಮಾಸ್ತ' ಅಂತಿದೆಯಾ ಎಂದು ಹೋಲಿಸುವುದು, ಅಷ್ಟೇ. ನಿಮ್ಮ ದರದ ಪಟ್ಟಿಗೆ ಡೇಟಾಬೇಸ್ ಕೇಳುವ ಒಂದು ಪ್ರಶ್ನೆಯ ಮುಂದೆ ಇದು ಲೆಕ್ಕಕ್ಕೇ ಇಲ್ಲ.

ಹಾಗಾದ್ರೆ ನಿಲ್ಲುವುದು ಎಲ್ಲಿ? ನಿಮ್ಮ ಪತ್ರದಲ್ಲೇ ಇದೆ, ಆ ಆರು ಡಬ್ಬಿ. ಪಿಎಚ್‌ಪಿ ಸೆಷನ್ ಶುರುವಾದ ತಕ್ಷಣ ಆ ಫೈಲಿಗೆ ಬೀಗ ಹಾಕಿಕೊಳ್ಳುತ್ತದೆ, ಪೇಜ್ ಪೂರ್ತಿ ಮುಗಿಯುವವರೆಗೂ ಬಿಡುವುದಿಲ್ಲ. ಮಂಡಿಯ ಲೆಡ್ಜರ್ ಒಂದೇ ಇದೆ ಅಂದುಕೊಳ್ಳಿ. ಆರು ಹುಡುಗರು ನೋಡಬೇಕು. ಮೊದಲನೆಯವನು ಪುಟ ತೆಗೆದು ಅರೆಕ್ಷಣದಲ್ಲಿ ನೋಡಿದ, ಆದರೆ ಲೆಡ್ಜರನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಾಕ್ಸ್ ಎಣಿಸಲು ಹೋದ. ಉಳಿದ ಐದೂ ಜನ ಅವನು ಬರುವ ತನಕ ಕೂತಿರಬೇಕು. ನಿಮ್ಮ 'ಬಾಕಿ' ಡಬ್ಬಿ ಲೆಕ್ಕ ಹಾಕಲು ಮೂರು ಸೆಕೆಂಡ್ ತಗೊಂಡರೆ, ಉಳಿದ ಐದೂ ಅದರ ಹಿಂದೆ ಸಾಲು ನಿಲ್ಲುತ್ತವೆ.

'ಅದು ಒಬ್ಬ ಗುಮಾಸ್ತನ ಸಮಸ್ಯೆ, ರೈತರಿಗೆ ಯಾಕೆ ನಿಧಾನ?' ಅಂತ ಕೇಳಬಹುದು. ಸರಿಯಾದ ಪ್ರಶ್ನೆಯೇ, ಬೀಗ ಒಬ್ಬೊಬ್ಬರಿಗೆ ಬೇರೆಬೇರೆ. ಆದರೆ ಸುಮ್ನೆ ಕಾಯುವ ಪೇಜ್ ಕೂಡ ಸರ್ವರಲ್ಲಿ ಒಬ್ಬ ಕೆಲಸಗಾರನನ್ನು ಹಿಡಿದಿಟ್ಟಿರುತ್ತದೆ. ಪಿಎಚ್‌ಪಿ ಪೇಜುಗಳನ್ನು ನಡೆಸುವ ಎಫ್‌ಪಿಎಂ ಎಂಬ ಪ್ರೋಗ್ರಾಮಿನ ಜೊತೆ ಬರುವ ಸೆಟ್ಟಿಂಗಿನಲ್ಲಿ ಇಂಥ ಕೆಲಸಗಾರರು ಹೆಚ್ಚೆಂದರೆ 5. ಒಬ್ಬ ಗುಮಾಸ್ತನ ಆರು ಡಬ್ಬಿ ಒಟ್ಟಿಗೆ ಬಂದರೆ ಐದೂ ಜನ ಮುಗಿದರು! ರೈತರು ಗೇಟ್ ಹೊರಗೆ.

ನಂಬಿಕೆ ಬರದಿದ್ದರೆ ಒಂದು ಚಿಕ್ಕ ಪರೀಕ್ಷೆ ಮಾಡಿ. ಸೆಷನ್ ಶುರು ಮಾಡಿ 10 ಸೆಕೆಂಡ್ ಮಲಗುವ ಒಂದು ಪೇಜ್ ಬರೆಯಿರಿ. ಅದನ್ನು ಒಂದು ಟ್ಯಾಬಲ್ಲಿ ತೆರೆದು, ಪಕ್ಕದ ಟ್ಯಾಬಲ್ಲಿ ದರದ ಪೇಜ್ ತೆರೆಯಿರಿ. ಅದೂ ಹತ್ತು ಸೆಕೆಂಡ್ ಸುತ್ತುತ್ತಲೇ ಇರುತ್ತದೆ. ಈಗ ಅದೇ ದರದ ಪೇಜನ್ನು ಬೇರೆ ಬ್ರೌಸರಲ್ಲಿ ಲಾಗಿನ್ ಆಗಿ ನೋಡಿ, ತಟ್ಟನೆ ಬರುತ್ತದೆ. ಯಾಕಂದ್ರೆ ಅಲ್ಲಿ ಕುಕ್ಕಿ ಬೇರೆ, ಫೈಲ್ ಬೇರೆ, ಬೀಗ ಬೇರೆ. (ರೈತರು ಕಡಿಮೆ ಇರುವ ಮಧ್ಯಾಹ್ನ ಮಾಡಿ, ಹರಾಜಿನ ಹೊತ್ತಲ್ಲಿ ಬೇಡ, ಸಾಹುಕಾರ್ರ ಕೈಲಿ ಬೈಸಿಕೊಳ್ಳೋದು ನೀವೇ.)

ಮದ್ದು ಒಂದೇ ಸಾಲು. ಚೆಕ್ ಮುಗಿದ ಕೂಡಲೇ, ಡೇಟಾಬೇಸ್ ಕಡೆ ಹೋಗುವ ಮೊದಲೇ, 'ಸೆಷನ್ ರೈಟ್ ಕ್ಲೋಸ್' ಎಂಬ ಫಂಕ್ಷನ್ ಕರೆದುಬಿಡಿ. ಬೀಗ ಬಿಡುತ್ತದೆ. ಓದಿದ ಮಾಹಿತಿ ಆ ಪೇಜಿನಲ್ಲಿ ಹಾಗೇ ಇರುತ್ತದೆ. ಆದರೆ ಅದರ ನಂತರ ಸೆಷನ್ನಿಗೆ ಏನೇ ಬರೆದರೂ ಉಳಿಯುವುದಿಲ್ಲ, ಆದ್ದರಿಂದ ಲಾಗಿನ್ ಮತ್ತು ಲಾಗೌಟ್ ಪೇಜಿಗೆ ಇದನ್ನು ಕಣ್ಣುಮುಚ್ಚಿ ಅಂಟಿಸಬೇಡಿ. ಪಿಎಚ್‌ಪಿ 7ರಿಂದ 'ರೀಡ್ ಅಂಡ್ ಕ್ಲೋಸ್' ಎಂಬ ಆಯ್ಕೆಯೂ ಇದೆ, ಓದಿದ ತಕ್ಷಣ ತಾನೇ ಮುಚ್ಚುತ್ತದೆ. ನನಗೆ ಮಾತ್ರ ಅದು ನಿಮ್ಮ ಕೆಲಸಕ್ಕೆ ಅಷ್ಟು ಇಷ್ಟವಿಲ್ಲ. ಅದರಲ್ಲಿ ಫೈಲಿನ ಸಮಯ ಹೊಸದಾಗುವುದಿಲ್ಲ. ಸೆಷನ್ನಿನ ಮಾಮೂಲಿ ಆಯಸ್ಸು 1440 ಸೆಕೆಂಡ್, ಅಂದರೆ 24 ನಿಮಿಷ. ಡಬ್ಬಿಗಳು ತಿರುಗುತ್ತಲೇ ಇದ್ದರೂ ಸರ್ವರ್ ಹಳೇ ಫೈಲೆಂದು ಗುಡಿಸಿಬಿಡಬಹುದು, ಗುಮಾಸ್ತ ಹರಾಜಿನ ಮಧ್ಯೆ ಲಾಗೌಟ್.

ಸಾಧ್ಯವಾದರೆ ಆರು ಡಬ್ಬಿಯನ್ನೂ ಒಂದೇ ಕರೆಯಲ್ಲಿ ತರಿಸಿ. ಜೊತೆಗೆ ಆ ಮೂರು ಸೆಕೆಂಡಿನ ಬಾಕಿ ಲೆಕ್ಕಕ್ಕೆ ಡೇಟಾಬೇಸಿನಲ್ಲಿ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಇದೆಯಾ ನೋಡಿ, ನಿಜವಾದ ಭಾರ ಇರುವುದು ಅಲ್ಲೇ. ಕೆಲಸಗಾರರ ಸಂಖ್ಯೆಯನ್ನು ಮೆಮೊರಿ ನೋಡಿಕೊಂಡು ಆಮೇಲೆ ಏರಿಸಿ.

ರೆಡಿಸ್ ಹಾಕಿದರೆ ವೇಗ ಬರುತ್ತೆ, ನಿಜ. ಆದರೆ ಜಾಸ್ತಿ ಸಲ ಆ ವೇಗ ಬರುವುದು ಪಿಎಚ್‌ಪಿಯ ರೆಡಿಸ್ ಎಕ್ಸ್‌ಟೆನ್ಷನ್‌ನಲ್ಲಿ ಬೀಗ ಮೊದಲಿಂದಲೇ ಆಫ್ ಇರುವುದರಿಂದ. ಎರಡು ಪೇಜ್ ಒಟ್ಟಿಗೆ ಬರೆದರೆ ಒಂದರದ್ದು ಅಳಿಸಿಹೋಗುತ್ತದೆ. ಎರಡು ಸರ್ವರ್ ಆದಾಗ ಯೋಚಿಸಿ.

ಪ್ರಶ್ನೆ: ರೈತರಾ ಗುಮಾಸ್ತರಾ ಎಂಬುದನ್ನು ಸೆಷನ್ನಲ್ಲೇ ಇಡಬೇಕಾ, ಪ್ರತಿ ಸಲ ಡೇಟಾಬೇಸ್ ಕೇಳಬೇಕಾ? – ಮಾಲೂರಿನ ಓದುಗರು

ಉತ್ತರ: ಸೆಷನ್ನಲ್ಲಿಟ್ಟರೆ ಬೇಗ, ಆದರೆ ನಿನ್ನೆ ಕೆಲಸ ಬಿಟ್ಟ ಹುಡುಗ ಲಾಗೌಟ್ ಆಗದೆ ಕೂತಿದ್ದರೆ ಇವತ್ತೂ ಗುಮಾಸ್ತನೇ. ಬರೀ ನೋಡುವ ಪೇಜಿಗೆ ಸೆಷನ್ ಸಾಕು. ದುಡ್ಡು ಬದಲಾಯಿಸುವ, ಬಿಲ್ ಅಳಿಸುವ ಪೇಜಿಗೆ ಮಾತ್ರ ಡೇಟಾಬೇಸ್ ಕೇಳಿ. ಪ್ರೈಮರಿ ಕೀ (ಪ್ರತಿ ಸಾಲಿಗೂ ಇರುವ ಗುರುತಿನ ನಂಬರ್) ಮೇಲೆ ಒಂದು ಸಾಲು ಹುಡುಕುವುದಕ್ಕೆ ನಿಮ್ಮ ಸರ್ವರ್ ಬೆವರುವುದಿಲ್ಲ.