ಓದುಗರ ಪ್ರಶ್ನೆ: ಕಾರ್ ಸೆಟ್‌ನೊಳಗೆ ಸಿ.ಡಿ. ಸಿಕ್ಕಿಕೊಂಡಾಗ

ಪ್ರ: ಹಳೆಯ ಕಾರಿನ ಸ್ಟೀರಿಯೋದಲ್ಲಿ ಎಂಪಿ3 ಸಿ.ಡಿ. ಒಳಗೇ ಉಳಿದಿದೆ. ಇಜೆಕ್ಟ್ ಒತ್ತಿದರೆ ಗರ್ರ್ ಅಂತ ಸದ್ದು ಮಾಡಿ ಸುಮ್ಮನಾಗುತ್ತದೆ. ಸೆಟ್ ಬಿಚ್ಚದೆ ತೆಗೆಯಬಹುದೇ?
– ಶಿವಮೊಗ್ಗದ ಓದುಗರು

ಉ: ಸದ್ದು ಬರುತ್ತಿದ್ದರೆ ಅರ್ಧ ಚಿಂತೆ ಬಿಡಿ. ಮೋಟಾರಿಗೆ ಕರೆಂಟ್ ಹೋಗುತ್ತಿದೆ, ಆದರೆ ಸಿ.ಡಿ. ಮೇಲೆ ಹಿಡಿತ ಸಿಗುತ್ತಿಲ್ಲ. ಕಾರ್ ಸೆಟ್‌ಗಳಲ್ಲಿ ಟ್ರೇ ಇರುವುದಿಲ್ಲ. ಸಿ.ಡಿ. ಹಾಕುವ ಸೀಳಿನ ಹಿಂದೆಯೇ ಅಡ್ಡಲಾಗಿ ಒಂದು ರಬ್ಬರ್ ರೋಲರ್ ಇದ್ದು, ಒಳಗೆಳೆಯುವುದೂ ಹೊರಗೆ ತಳ್ಳುವುದೂ ಅದೇ. ಧೂಳು ಕೂತು, ರಬ್ಬರ್ ಹಳತಾಗಿ ನುಣ್ಣಗಾದರೆ ಅದು ಜಾರತೊಡಗುತ್ತದೆ.

ಮೊದಲು ಗಾಡಿಯನ್ನು ನೆರಳಿಗೆ ತನ್ನಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಸೆಟ್ ವಿಪರೀತ ಕಾದು ತಾನಾಗಿಯೇ ಕೆಲಸ ನಿಲ್ಲಿಸುವುದುಂಟು. ತಣ್ಣಗಾದ ಮೇಲೆ ಏನೂ ಆಗದವರಂತೆ ಸಿ.ಡಿ. ಈಚೆ ಬರುತ್ತದೆ. ಬರದಿದ್ದರೆ ಕೀ ಆನ್ ಮಾಡಿ ಇಜೆಕ್ಟ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಹಲವು ಸೆಟ್‌ಗಳಲ್ಲಿ ಇದೇ ಬಲವಂತದ ಇಜೆಕ್ಟ್. ಮುಂಭಾಗದ ಪುಟ್ಟ ತೂತಿಗೆ ಪಿನ್ ಚುಚ್ಚಿದರೆ ಸಿ.ಡಿ. ಬರುತ್ತದೆ ಎಂಬುದು ಕಂಪ್ಯೂಟರ್ ಡ್ರೈವ್‌ನಿಂದ ಬಂದ ನಂಬಿಕೆ. ಕಾರ್ ಸೆಟ್‌ನಲ್ಲಿ ಅದು ಸಾಮಾನ್ಯವಾಗಿ ರೀಸೆಟ್. ಒತ್ತಿದರೆ ಹಾನಿಯಿಲ್ಲ, ಸ್ಟೇಷನ್‌ಗಳನ್ನು ಮಾತ್ರ ಮತ್ತೆ ಸೆಟ್ ಮಾಡಿಕೊಳ್ಳಬೇಕು.

ಮುಂದಿನದು ಎರಡನೇ ಸಿ.ಡಿ.ಯ ಉಪಾಯ. ಸೆಟ್ ಒಳಗೆಳೆಯಲು ನೋಡಿದರೂ ಬಿಟ್ಟುಕೊಡದಂತೆ, ಬೇಡದ ಸಿ.ಡಿ.ಯೊಂದನ್ನು ಬಿಗಿಯಾಗಿ ಹಿಡಿದು, ಸಿಕ್ಕಿರುವುದರ ಮೇಲೆ ಹಾಯುವಂತೆ ಎರಡು ಸೆಂ.ಮೀ.ನಷ್ಟು ತೂರಿಸಿ. ಇಜೆಕ್ಟ್ ಒತ್ತಿ, ಮೋಟಾರ್ ಸದ್ದು ಶುರುವಾದ ಕೂಡಲೇ ಕೈಯಲ್ಲಿರುವ ತುದಿಯನ್ನು ತುಸು ಮೇಲೆತ್ತಿ. ಒಳಗಿನ ತುದಿ ಕೆಳಕ್ಕೆ ಒತ್ತಿ, ಸಿಕ್ಕಿದ ಸಿ.ಡಿ.ಯನ್ನು ರೋಲರಿಗೆ ತಾಗಿಸುತ್ತದೆ. ಹೆಚ್ಚಿನ ಸೆಟ್‌ಗಳಲ್ಲಿ ರೋಲರ್ ಕೆಳಗಿರುವುದರಿಂದ ಇದು ನಡೆಯುತ್ತದೆ. ನಾಲ್ಕೈದು ಸಲಕ್ಕೆ ಬರದಿದ್ದರೆ ಬಿಟ್ಟುಬಿಡಿ. ಡಿಸ್ಕ್ ಇನ್ನೂ ನಡುವಿನ ಕ್ಲಾಂಪಿನಲ್ಲೇ (ಹಾಡುವಾಗ ಸಿ.ಡಿ.ಯನ್ನು ಅದುಮಿ ಹಿಡಿಯುವ ಭಾಗ) ಕೂತಿರಬೇಕು, ಆಗ ಸೆಟ್ ಬಿಚ್ಚಲೇಬೇಕು.

ಇಕ್ಕಳ, ಚಾಕು, ಉಕ್ಕಿನ ಸ್ಕೇಲು ಬೇಡವೇ ಬೇಡ. ಲೆನ್ಸ್ ಒಳಗಿದೆ, ಅದಕ್ಕೊಂದು ಗೀರು ಬಿದ್ದರೆ ಸಿ.ಡಿ. ಈಚೆ ಬಂದರೂ ಸೆಟ್ ಹಾಡುವುದಿಲ್ಲ.

ಪ್ರ: ಬಿಚ್ಚುವುದೇ ಆದರೆ ಹೇಗೆ? ಬ್ಯಾಟರಿ ಕಳಚಬೇಕೇ?
– ಹಾಸನದ ಓದುಗರು

ಉ: ಕಳಚಿ, ಆದರೆ ಅದಕ್ಕೂ ಮೊದಲು ಒಂದು ಕೆಲಸ. ಕಂಪನಿಯಿಂದಲೇ ಬಂದ ಎಷ್ಟೋ ಸೆಟ್‌ಗಳು ಕರೆಂಟ್ ತಪ್ಪಿದರೆ ಕೋಡ್ ಕೇಳುತ್ತವೆ. ಗಾಡಿಯ ಪುಸ್ತಕದ ಜೊತೆಗಿನ ಕಾರ್ಡಿನಲ್ಲಿ ಅದು ಇದೆಯೇ ನೋಡಿ. ಇಲ್ಲವೆಂದರೆ ಬಿಚ್ಚಿದಾಗ ಸೆಟ್ ಮೈಮೇಲಿನ ಚೀಟಿಯ ಸೀರಿಯಲ್ ನಂಬರ್ ಬರೆದುಕೊಳ್ಳಿ, ಡೀಲರ್ ಅದನ್ನೇ ಕೇಳುತ್ತಾರೆ. ಊಹೆಯ ಮೇಲೆ ಕೋಡ್ ಹೊಡೆಯುತ್ತಾ ಹೋದರೆ ಸೆಟ್ ಲಾಕ್ ಆಗುತ್ತದೆ.

ನೆಗೆಟಿವ್ ಟರ್ಮಿನಲ್ ಮೊದಲು ತೆಗೆಯಿರಿ (ಬಹುಪಾಲು ಗಾಡಿಗಳಿಗೆ ಹತ್ತರ ಪಾನಾ), ಕಾಲು ಗಂಟೆ ಬಿಟ್ಟು ಮತ್ತೆ ಹಾಕಿ ಇಜೆಕ್ಟ್ ಒತ್ತಿ. ಕೆಲವೊಮ್ಮೆ ಇಷ್ಟಕ್ಕೇ ಕೆಲಸ ಮುಗಿಯುತ್ತದೆ. ಇಲ್ಲದಿದ್ದರೆ ಟರ್ಮಿನಲ್ ಮತ್ತೆ ಕಳಚಿ. ಒಂದು ಡಿನ್ ಸೆಟ್ (ಹೊರಗೆ ಕೊಂಡು ಕೂರಿಸುವ, ಕಡಿಮೆ ಎತ್ತರದ ಮಾಮೂಲಿ ಅಳತೆಯದು) ಆದರೆ ಎರಡೂ ಬದಿಗೆ ತೆಳು ತಗಡಿನ ಕೀಗಳನ್ನು ‘ಕಟಕ್’ ಎನ್ನುವವರೆಗೆ ತೂರಿಸಿ ನೇರವಾಗಿ ಎಳೆಯಿರಿ. ಕಂಪನಿ ಸೆಟ್ ಆದರೆ ಪ್ಲಾಸ್ಟಿಕ್ ಪಟ್ಟಿಯ ಹಿಂದೆ ಸ್ಕ್ರೂಗಳಿರುತ್ತವೆ. ಮೇಲಿನ ತಗಡು ತೆಗೆದರೆ ಸಿ.ಡಿ. ಕಾಣುತ್ತದೆ. ಪಕ್ಕದಲ್ಲಿ ಸಣ್ಣ ಪ್ಲಾಸ್ಟಿಕ್ ಹಲ್ಲುಗಾಲಿಗಳು. ಅವನ್ನು ಬೆರಳಿನಿಂದ ನಿಧಾನ ತಿರುಗಿಸಿ. ಕ್ಲಾಂಪ್ ಏಳುವುದೂ ರೋಲರ್ ಚಲಿಸುವುದೂ ಕಣ್ಣಿಗೆ ಕಾಣಬೇಕು. ತಡೆ ಬಂದರೆ ಇನ್ನೊಂದು ದಿಕ್ಕಿಗೆ ತಿರುಗಿಸಿ, ಬಲ ಹಾಕಬೇಡಿ. ಹಲ್ಲು ಮುರಿದರೆ ಬಿಡಿಭಾಗ ಸಿಗುವುದು ಕಷ್ಟ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೆ ಸೆಟ್ ಹುಡುಕಿ ಅದರಿಂದ ಕಳಚಿಕೊಳ್ಳಬೇಕಾದೀತು.

ಸೆಟ್ ತೆರೆದಿರುವಾಗಲೇ ರೋಲರನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ, ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೆ ಒರೆಸಿ. ಪೆಟ್ರೋಲ್, ಥಿನ್ನರ್ ರಬ್ಬರನ್ನು ಉಬ್ಬಿಸುತ್ತವೆ.

ಪ್ರ: ಹೆಸರಿನ ಚೀಟಿ ಅಂಟಿಸಿದ ಸಿ.ಡಿ.ಗಳೇ ಸಿಕ್ಕಿಕೊಳ್ಳುವುದೇಕೆ?
– ಕಲಬುರಗಿಯ ಓದುಗರು

ಉ: ಸಿ.ಡಿ.ಯ ದಪ್ಪ 1.2 ಮಿ.ಮೀ., ಯಂತ್ರದ ಸಂದು ಅಷ್ಟಕ್ಕೇ ಲೆಕ್ಕ ಹಾಕಿದ್ದು. ನಿಮ್ಮ ಕಡೆಯ ಬೇಸಿಗೆಯಲ್ಲಿ ಕಾರಿನೊಳಗೆ ಅಂಟು ಕರಗಿ, ಚೀಟಿಯ ಅಂಚು ಏಳುತ್ತದೆ. ಇಜೆಕ್ಟ್ ಆಗುವಾಗ ಅದೇ ಮಡಚಿ ರೋಲರಿಗೆ ಸುತ್ತಿಕೊಳ್ಳುತ್ತದೆ. ಸಿ.ಡಿ. ಮಾರ್ಕರ್‌ನಿಂದ ಬರೆದರೆ ಸಾಕು. 8 ಸೆಂ.ಮೀ.ನ ಚಿಕ್ಕ ಸಿ.ಡಿ.ಗಳನ್ನೂ ಹಾಕಬೇಡಿ, ಬಹಳಷ್ಟು ಕಾರ್ ಸೆಟ್‌ಗಳು 12 ಸೆಂ.ಮೀ.ನದನ್ನಷ್ಟೇ ಹಿಡಿಯುತ್ತವೆ.

ಪ್ರ: ಮಗು ಸಿ.ಡಿ. ಸೀಳಿನೊಳಗೆ ನಾಣ್ಯ ಹಾಕಿದೆ. ಸೆಟ್ ಆನ್ ಮಾಡಬಹುದೇ?
– ಉಡುಪಿಯ ಓದುಗರು

ಉ: ಬೇಡ. ನಾಣ್ಯ ಸರ್ಕ್ಯೂಟಿನ ಮೇಲೆ ಬಿದ್ದಿದ್ದರೆ ಶಾರ್ಟ್ ಆಗುತ್ತದೆ. ಸೆಟ್‌ನ ಫ್ಯೂಸ್ ತೆಗೆದಿಟ್ಟು, ಮೇಲೆ ಹೇಳಿದಂತೆ ಸೆಟ್ ಹೊರತೆಗೆದು, ತಗಡು ಬಿಚ್ಚಿ ನೋಡಿ. ಹಾಗೇ ಬುಡಮೇಲು ಮಾಡಿ ಅಲ್ಲಾಡಿಸಿದರೆ ನಾಣ್ಯ ಹಲ್ಲುಗಾಲಿಗಳ ನಡುವೆ ಜಾರಿ ಕೂರುತ್ತದೆ. ಕಣ್ಣಿಗೆ ಬಿದ್ದ ಮೇಲೆ ಪ್ಲಾಸ್ಟಿಕ್ ಚಿಮಟದಿಂದ ಎತ್ತಿ. ಎಷ್ಟು ನಾಣ್ಯ ಹಾಕಿತ್ತೆಂದು ಮಗುವನ್ನೂ ಒಮ್ಮೆ ಕೇಳಿ.